ಮೆಣಸಿನ ಗಿಡ ಮುರುಟಿದರೆ ಬೇವಿನೆಣ್ಣೆಯೋ, ಸೋಪಿನ ನೀರೋ, ಅಂಟು ಹಾಳೆಯೋ?

ತಾರಸಿಯ ಬ್ಯಾಡಗಿ ಮೆಣಸಿನ ಗಿಡಕ್ಕೆ ಮೂರರಲ್ಲಿ ಯಾವುದು ತರಲಿ ಎಂದು ಕೇಳಿದ್ದೀರಿ. ಮೊದಲು ಎಲೆ ನೋಡಿ. ಅಂಚು ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಬಾಗಿದ್ದರೆ ನುಸಿ, ಅಂದರೆ ಕಣ್ಣಿಗೆ ಕಾಣುವುದೇ ಕಷ್ಟವಾದ ಪುಟ್ಟ ಹುಳ. ಅಲುಗಿಸಿದಾಗ ಸಣ್ಣ ಬಿಳಿ ನೊಣ ಹಾರಿದರೆ ಬೇರೆ ಕತೆ.

ಖರ್ಚಿನಲ್ಲಿ ಸೋಪಿನ ನೀರೇ ಅಗ್ಗ. ಆದರೆ ಹುಳಕ್ಕೆ ನೇರವಾಗಿ ತಾಗಿದರಷ್ಟೇ ಕೆಲಸ, ಒಣಗಿದ ಮೇಲೆ ಏನೂ ಇಲ್ಲ, ಹಾಗಾಗಿ ಮತ್ತೆ ಮತ್ತೆ ಎಲೆಯಡಿ ಬಗ್ಗಿ ಸಿಂಪಡಿಸುವ ತಾಳ್ಮೆ ಬೇಕು. ಎರಡು ಮೂರು ಕುಂಡ ಇದ್ದವರಿಗೆ ಸಾಕು.

ಬೇವಿನೆಣ್ಣೆ ದುಬಾರಿ, ವಾಸನೆಯೂ ಜಾಸ್ತಿ. ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಬೆರೆಯಲು ಒಂದೆರಡು ಹನಿ ಸೋಪು. ಎಳೆ ಹುಳ ಬೆಳೆಯದಂತೆ ತಡೆಯುವುದರಿಂದ ಪರಿಣಾಮ ನಿಧಾನ, ಆದರೆ ಥ್ರಿಪ್ಸ್, ನುಸಿ ಎರಡೂ ಒಂದಿಷ್ಟು ಹಿಡಿತಕ್ಕೆ ಬರುತ್ತವೆ. ಕುಂಡ ಜಾಸ್ತಿ ಇದ್ದರೆ ನಾನು ಇದನ್ನೇ ಹೇಳುವುದು. ಗದಗಿನ ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಎಲೆ ಸುಡಬಹುದು, ಸಂಜೆ ಹೊಡೆಯಿರಿ; ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೊಳೆದು ಹೋಗುತ್ತದೆ, ಮತ್ತೆ ಹೊಡೆಯಬೇಕು.

ಹುಳ ಅಂಟಿಕೊಳ್ಳುವ ಹಳದಿ ಅಂಟು ಹಾಳೆಯಷ್ಟು ಸುಲಭ ಯಾವುದೂ ಇಲ್ಲ, ತೂಗುಹಾಕಿದರೆ ಮುಗಿಯಿತು. ಬಿಳಿ ನೊಣಕ್ಕೆ ಒಳ್ಳೆಯದು, ಥ್ರಿಪ್ಸ್‌ಗೆ ನೀಲಿ ಹಾಳೆ ತನ್ನಿ. ನುಸಿಗೆ ರೆಕ್ಕೆಯೇ ಇಲ್ಲವಲ್ಲ, ಅಲ್ಲಿ ಸುಮ್ನೆ ದುಡ್ಡು ದಂಡ. ಬಿಳಿ ನೊಣ ವೈರಸ್ ಹಚ್ಚಿ ಗಿಡ ಕುಳ್ಳಾಗಿ, ಎಲೆ ಹಳದಿಯಾಗಿ ಮುದುಡಿದ್ದರೆ ಮೂರರಿಂದಲೂ ವಾಸಿಯಾಗದು. ಕಿತ್ತು ಹಾಕಿ, ಪಕ್ಕದ ಕುಂಡವಾದರೂ ಉಳಿಯಲಿ.