ಪಪ್ಪಿ ಗ್ರೂಮಿಂಗ್ ಪ್ಯಾಕೇಜಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ದುಡ್ಡು ಹೋಯಿತು ಅಂತ ಬರೆಯುತ್ತಿಲ್ಲ. ಸುಳ್ಳು ಯಾಕೆ, ಅದಕ್ಕೂ ಹೌದು. 3,500 ರೂಪಾಯಿ.

ನಮ್ಮ ಗುಂಡ ಶಿಟ್ಜು ಜಾತಿಯ ನಾಯಿಮರಿ. ಆಗ ಅವನಿಗೆ ನಾಲ್ಕು ತಿಂಗಳು. ಈ ಜಾತಿಗೆ ಕೂದಲು ಬೆಳೀತಾನೇ ಇರುತ್ತದೆ, ದಿನಾ ಬಾಚದಿದ್ದರೆ ಕಿವಿ ಹಿಂದೆ, ಕಂಕುಳಲ್ಲಿ ಗಂಟು. ಬಾಚಣಿಗೆ ಕಂಡರೆ ಕಚ್ಚೋಕೆ ಬರುತ್ತಿದ್ದ. ಕಾಲರ್ ಹಾಕಿದರೆ ಕೆರೆದು ಕೆರೆದು ಕೂರುತ್ತಿದ್ದ. ಹೊಸ ಮರಿ ಎಲ್ಲವೂ ಹೀಗೇ ಅಲ್ವಾ? ನಮಗೆ ತಾಳ್ಮೆ ಇರಲಿಲ್ಲ. ಮೈಸೂರಲ್ಲಿ ನಮ್ಮ ಮನೆ ಕಡೆಯ ಒಂದು ಪೆಟ್ ಪಾರ್ಲರ್‌ಗೆ ಹೋದೆವು. 'ನಾಲ್ಕು ಸೆಷನ್ ಸರ್. ಕಾಲರ್, ಸ್ನಾನ, ಉಗುರು, ಬ್ರಶಿಂಗ್, ಎಲ್ಲಾ ನಾವೇ ಅಭ್ಯಾಸ ಮಾಡಿಸ್ತೀವಿ. ಪ್ರೀತಿಯಿಂದ.' ಪ್ರೀತಿಯಿಂದ ಅಂತ ಎರಡು ಸಲ ಹೇಳಿದ. ಪೂರ್ತಿ ದುಡ್ಡು ಅಲ್ಲೇ ಕೊಟ್ಟೆ. ಲಸಿಕೆ ಕಾರ್ಡ್ ಕೇಳಲೇ ಇಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

'ಓನರ್ ಇದ್ರೆ ನಾಯಿ ನಾಟಕ ಮಾಡುತ್ತೆ, ನೀವು ಹೋಗಿ ಕಾಫಿ ಕುಡ್ಕೊಂಡು ಬನ್ನಿ' ಅಂದ. ಹೋದೆ. ನಿಜವಾಗಿಯೂ ಕಾಫಿ ಕುಡಿಯೋಕೆ ಹೋದೆ.

ಅರ್ಧ ಗಂಟೆಗೆ ವಾಟ್ಸಾಪ್‌ನಲ್ಲಿ ವಿಡಿಯೋ ಬಂತು. ಟೇಬಲ್ ಮೇಲೆ ಮರಿ ನಿಂತಿದೆ, ತಲೆಗೆ ಕೆಂಪು ಬೋ, ಬಾಲ ಆಡಿಸುತ್ತಿದೆ. ನನಗೋ ಖುಷಿಯೋ ಖುಷಿ. ಮನೆ ಗ್ರೂಪಿಗೆ ಹಾಕಿದೆ: 'ನಮ್ಮ ಗುಂಡ ಎಷ್ಟು ಜಾಣ ನೋಡಿ.' ಎರಡೇ ನಿಮಿಷ. ಅತ್ತಿಗೆ ಬರೆದರು: 'ಗುಂಡನ ಎಡಗಾಲು ಬಿಳಿ ಅಲ್ವಾ? ಇದರದ್ದು ಕಂದು ಇದೆಯಲ್ಲ.'

ಬೇರೆ ಯಾರದ್ದೋ ನಾಯಿ! ನನ್ನ ಮರಿಯನ್ನೇ ನಾನು ಗುರುತಿಸಲಿಲ್ಲ. ಈಗ ಮನೆಯಲ್ಲಿ ಎಲ್ಲರೂ ಇದನ್ನೇ ಹೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಓಡಿದೆ. ಒಳಗಿನ ಕೋಣೆಯಲ್ಲಿ ಗುಂಡ ಟೇಬಲ್ಲಿನ ಕಂಬಕ್ಕೆ ಕುತ್ತಿಗೆ ಹಗ್ಗದಲ್ಲಿ ಕಟ್ಟಿಸಿಕೊಂಡು ಹಿಂಗಾಲಲ್ಲಿ ನಿಂತಿದ್ದ. ಮುಂಗಾಲು ಟೇಬಲ್ಲಿಗೆ ಎಟುಕುತ್ತಿರಲಿಲ್ಲ. ಎದುರಿಗೆ ಡ್ರೈಯರ್ ಬುಸ್ ಅಂತ ಬಿಸಿಗಾಳಿ ಊದುತ್ತಿದೆ. ಎರಡು ಉಗುರಲ್ಲಿ ರಕ್ತ. ಮರಿ ಕೂಗುತ್ತಲೂ ಇರಲಿಲ್ಲ, ಸುಮ್ನೆ ನಡುಗುತ್ತಿತ್ತು.

ವಿಡಿಯೋ ಬಗ್ಗೆ ಕೇಳಿದರೆ, 'ಬೈ ಮಿಸ್ಟೇಕ್ ಬೇರೆ ಕ್ಲೈಂಟ್ ವಿಡಿಯೋ ಬಂದಿದೆ ಸರ್.' ರಕ್ತ? 'ಎಲ್ಲಾ ನಾಯಿಗೂ ಬರುತ್ತೆ.' ಹಗ್ಗ? 'ನೀವು ಮನೇಲಿ ಮುದ್ದು ಜಾಸ್ತಿ ಮಾಡಿದ್ದೀರಿ, ಅದಕ್ಕೇ ಹಿಂಗಾಡ್ತಾನೆ.' ತಪ್ಪು ನನ್ನದೇ ಅಂತೆ! ದುಡ್ಡು ವಾಪಸ್ ಕೇಳಿದ್ದಕ್ಕೆ, 'ಇನ್ನೂ ಮೂರು ಸೆಷನ್ ಇದೆಯಲ್ಲ ಸರ್, ಬನ್ನಿ.' ಆಮೇಲೆ ನನ್ನ ಮೆಸೇಜಿಗೆಲ್ಲ ಬರೀ ನೀಲಿ ಟಿಕ್.

ಡಾಕ್ಟರ್ ಕುತ್ತಿಗೆಯ ಕೆಂಪು ಗೀರು ನೋಡಿ ನನಗೇ ಬೈದರು. ಸಣ್ಣ ಜಾತಿಯ ನಾಯಿಗಳ ಶ್ವಾಸನಾಳ ಮೆತ್ತಗಂತೆ, ಶಿಟ್ಜುಗೆ ಕಣ್ಣು ಬೇರೆ ಮುಂದಕ್ಕೆ ಉಬ್ಬಿರುತ್ತದೆ, ಕುತ್ತಿಗೆ ಜಗ್ಗಲೇಬಾರದು. ಚಪ್ಪಟೆ ಮೂತಿಯವಕ್ಕೆ ಬಿಸಿಯೂ ತಡೆಯೋಲ್ಲ. ಉಗುರಿನೊಳಗೆ ರಕ್ತನಾಳ ಇರುತ್ತದೆ, ತುದಿ ಮಾತ್ರ ಕತ್ತರಿಸಬೇಕು. ಸರಿ, ಇದೆಲ್ಲಾ ಆ ಪಾರ್ಲರಿನವನಿಗೆ ಗೊತ್ತಿರಬೇಕಾದ್ದು ತಾನೇ?

ಈಗ ಮನೆಯಲ್ಲೇ ಮಾಡುತ್ತಿದ್ದೇವೆ. ಓಡಾಡಿಸೋಕೆ ಎದೆಗೆ ಹಾಕುವ ಹಾರ್ನೆಸ್. ಹಗುರ ಕಾಲರನ್ನು ಊಟದ ಹೊತ್ತಿಗೆ ಐದು ನಿಮಿಷ ಹಾಕುತ್ತೇವೆ, ಎರಡು ಬೆರಳು ತೂರುವಷ್ಟು ಸಡಿಲ. ಪಾದ ಮುಟ್ಟಿದರೆ ಒಂದು ಚೂರು ಬೇಯಿಸಿದ ಕೋಳಿ, ಕಿವಿ ಮುಟ್ಟಿದರೆ ಇನ್ನೊಂದು ಚೂರು. ಮೊದಲೇ ಇಷ್ಟು ಮಾಡಿದ್ದರೆ ಸಾಕಿತ್ತು! ಈಗ ಬಾಚಣಿಗೆ ಡಬ್ಬದ ಸದ್ದಿಗೇ ದಿವಾನ್ ಕೆಳಗೆ ನುಗ್ಗುತ್ತಾನೆ.

ಪಾರ್ಲರಿಗೆ ಹೋಗಲೇಬೇಕಾದರೆ ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಎದುರಿಗೆ ನಿಂತು ನೋಡೋಕೆ ಬಿಡದಿದ್ದರೆ ಮರಿ ಎತ್ತಿಕೊಂಡು ವಾಪಸ್ ಬನ್ನಿ. ಕಾಫಿ ಗೀಫಿ ಬೇಡ.

ಇವತ್ತು ಬೆಳಿಗ್ಗೆ ಅವರಿಂದಲೇ ಮೆಸೇಜ್ ಬಂತು. 'ಹಾಯ್ ಸರ್, ಗುಂಡಿಯ ಎರಡನೇ ಸೆಷನ್ ಬಾಕಿ ಇದೆ.' ಗುಂಡಿ ಅಂತೆ. ಹೆಸರೂ ಸರಿಯಾಗಿ ಗೊತ್ತಿಲ್ಲ.