ತುಳಸಿ, ದೊಡ್ಡಪತ್ರೆ, ರೋಸ್‌ಮೇರಿ: ಯಾವ ಎಲೆ ಯಾವುದಕ್ಕೆ?

ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್, ಅಂದರೆ ಆಮ್ಲಜನಕದಿಂದಾಗುವ ಕೆಡುವಿಕೆಯನ್ನು ತಡೆಯುವ) ಗುಣಕ್ಕೂ ಬ್ಯಾಕ್ಟೀರಿಯಾ ನಿರೋಧಕ ಗುಣಕ್ಕೂ ಒಂದೇ ಎಲೆ ಸಾಕೇ ಎಂದು ಕೇಳುವವರು, ಇವೆರಡೂ ಬಹುಮಟ್ಟಿಗೆ ಬೇರೆ ಬೇರೆ ಸಂಯುಕ್ತಗಳ ಕೆಲಸ ಎಂಬುದನ್ನು ಮೊದಲು ಗಮನಿಸಬೇಕು.

ಉತ್ಕರ್ಷಣ ತಡೆಯುವುದರಲ್ಲಿ ರೋಸ್‌ಮೇರಿಯದು ಗಟ್ಟಿ ಸ್ಥಾನ. ಅದರ ಕಾರ್ನೋಸಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ಕೊಬ್ಬು ಕಮಟು ಹಿಡಿಯುವುದನ್ನು ನಿಧಾನಗೊಳಿಸುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಈ ಎಲೆಯ ಸಾರಕ್ಕೆ ಇ 392 ಎಂಬ ಸಂಕೇತದಡಿ ಆಹಾರದಲ್ಲಿ ಬಳಸಲು ಅನುಮತಿಯಿದೆ. ತುಳಸಿಯ ರೋಸ್ಮರಿನಿಕ್ ಆಮ್ಲವಾದರೋ ನೀರಿಗೆ ಇಳಿಯುವಂಥದ್ದು, ಆದ್ದರಿಂದ ಕಷಾಯ ಮಾಡುವವರಿಗೆ ಅದು ಹೆಚ್ಚು ಹೊಂದುತ್ತದೆ.

ಬ್ಯಾಕ್ಟೀರಿಯಾಗಳ ವಿಷಯದಲ್ಲಿ ನಾನು ದೊಡ್ಡಪತ್ರೆಯತ್ತ ವಾಲುತ್ತೇನೆ. ಎಲೆಯನ್ನು ಬೆರಳಲ್ಲಿ ಹಿಸುಕಿದೊಡನೆ ಮೂಗಿಗೆ ಬಡಿಯುವ ಓಮದಂಥ ಘಾಟು ಅದರ ತೈಲದಲ್ಲಿರುವ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಸಂಯುಕ್ತಗಳದು. ಇವು ಬ್ಯಾಕ್ಟೀರಿಯಾದ ಕೋಶಪೊರೆಯನ್ನು ಸಡಿಲಿಸಿ ಒಳಗಿನ ಅಯಾನುಗಳು (ವಿದ್ಯುದಂಶವುಳ್ಳ ಕಣಗಳು) ಸೋರುವಂತೆ ಮಾಡುತ್ತವೆ. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಸಾಂದ್ರ ತೈಲ ತೋರುವ ಬಲವನ್ನು ಹಸಿ ಎಲೆಯಿಂದ, ಅದೂ ದೇಹದೊಳಗೆ, ನಿರೀಕ್ಷಿಸಲಾಗದು. ಸೋಂಕಿಗೆ ಯಾವ ಎಲೆಯೂ ಔಷಧದ ಬದಲಿಯಲ್ಲ.

ಒಣಗಿಸಿಡುವವರಿಗೆ ರೋಸ್‌ಮೇರಿ ಸುಲಭ, ತುಳಸಿಗೆ ನೆರಳು ಬೇಕು. ದೊಡ್ಡಪತ್ರೆಯ ರಸಭರಿತ ಎಲೆ ಒಣಗುವ ಮುನ್ನವೇ ಕಪ್ಪಾಗುವುದುಂಟು. ಕುಂಡದಿಂದ ಆಗಿಂದಾಗ ಕಿತ್ತು ಬಳಸುವವರಿಗೆ ಮಾತ್ರ ಅದು ಸರಿ.