ಆರು ವರ್ಷ ಗೂಗಲ್ ಡ್ರೈವ್ ಬಳಸಿದ ಮೇಲೆ: ಮಾವನ ಕಾಗದ, ಅತ್ತೆಯ ಹಾಡು

2019ರ ಆಗಸ್ಟ್ ಮಳೆ ನಮ್ಮ ಜಿಲ್ಲೆಯವರು ಮರೆಯುವಂಥದ್ದಲ್ಲ. ಶಿರಸಿಯಿಂದ ಒಳಗೆ, ತೋಟದ ಪಕ್ಕದ ಮನೆ ನಮ್ಮದು. ಆ ವಾರ ಹಂಚು ಸರಿದು, ಅಟ್ಟದ ಮೇಲಿದ್ದ ಮಾವನ ತಗಡಿನ ಪೆಟ್ಟಿಗೆಯೊಳಗೆ ನೀರು ಇಳಿದಿತ್ತು. ಮೂರು ದಿನ ಯಾರಿಗೂ ಗೊತ್ತೇ ಆಗಲಿಲ್ಲ. ತೆಗೆದು ನೋಡಿದರೆ ಪಹಣಿ, ಪಾಲು ಪತ್ರ, ಖರೀದಿ ಪತ್ರ, ಬೆಟ್ಟದ ನಕ್ಷೆ ಎಲ್ಲ ಅಂಟಿಕೊಂಡು ಒಂದೇ ಮುದ್ದೆ. ಬಚ್ಚಲ ಒಲೆಯ ಮೇಲ್ಗಡೆ ಹಗ್ಗ ಕಟ್ಟಿ, ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದೆವು. 1956ರ ಮೊದಲು, ನಮ್ಮ ಜಿಲ್ಲೆ ಮುಂಬೈಗೆ ಸೇರಿದ್ದ ಕಾಲದ ಛಾಪಾ ಕಾಗದ ಒಂದಿತ್ತು. ಅದರ ಮಡಿಕೆ ಇದ್ದ ಜಾಗದಲ್ಲೇ ಶಾಯಿ ಹರಡಿ, ಸರ್ವೆ ನಂಬರಿನ ಕೊನೆಯ ಅಂಕಿ ಹೋಗಿಬಿಟ್ಟಿತ್ತು. ಅದು ಮೂರೋ ಎಂಟೋ ಎಂದು ಮಾವ ಭೂತಗನ್ನಡಿ ಹಿಡಿದು ಇಡೀ ಮಧ್ಯಾಹ್ನ ಕೂತಿದ್ದರು.

ಅವತ್ತೇ ನಾನು ಗೂಗಲ್ ಡ್ರೈವ್ ತೆರೆದದ್ದು. ನಮ್ಮ ಫೈಲ್‌ಗಳನ್ನು ಗೂಗಲ್‌ನ ಕಂಪ್ಯೂಟರುಗಳಲ್ಲಿ, ಅಂದರೆ ಕ್ಲೌಡ್‌ನಲ್ಲಿ, ಇಡುವ ಜಾಗ ಅದು. ಫೋನಿನಲ್ಲಿ ಅದು ಮೊದಲಿಂದಲೂ ಇತ್ತು, ನಾನು ಮುಟ್ಟಿರಲಿಲ್ಲ ಅಷ್ಟೇ. ಬೇರೆಯವನ್ನೂ ನೋಡಿದೆ. ಡ್ರಾಪ್‌ಬಾಕ್ಸ್‌ನಲ್ಲಿ ಪುಕ್ಕಟೆ ಸಿಗುವುದು 2 ಜಿಬಿ, ಒನ್‌ಡ್ರೈವ್‌ನಲ್ಲಿ 5, ಗೂಗಲ್‌ನಲ್ಲಿ 15. ಹೊಸದಾಗಿ ಶುರು ಮಾಡುವವರಿಗೆ ಈ 15 ಜಿಬಿ ಧಾರಾಳ ಸಾಕು. ಹಾಳೆಗಳ ಸ್ಕ್ಯಾನ್ ಹೆಚ್ಚು ಜಾಗ ತಿನ್ನುವುದಿಲ್ಲ. ತಿನ್ನುವುದು ಫೋಟೋ, ವಿಡಿಯೋ.

ಸ್ಕ್ಯಾನ್ ಮಾಡಲು ಬೇರೆ ಯಂತ್ರ ಏನೂ ಬೇಡ. ಡ್ರೈವ್ ಆ್ಯಪ್‌ನಲ್ಲೇ ಕ್ಯಾಮೆರಾ ಗುರುತು ಇದೆ, ಒತ್ತಿದರೆ ಹಾಳೆಯ ಅಂಚು ತಾನೇ ಹಿಡಿದು ಪಿಡಿಎಫ್ ಮಾಡುತ್ತದೆ. ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ. ಜಗಲಿಯ ಮೇಲೆ ಕರಿ ಕಂಬಳಿ ಹಾಸಿ, ಬೆಳಿಗ್ಗೆ ಒಂಬತ್ತು ಗಂಟೆಯ ಬೆಳಕಿನಲ್ಲಿ, ಒಂದು ಹಾಳೆ ಇಟ್ಟು ನೇರ ಮೇಲಿಂದ ತೆಗೆಯಿರಿ. ಸಾರಿಸಿದ ನೆಲದ ಮೇಲೆ ಇಟ್ಟರೆ ಹಳದಿ ಕಾಗದದ ಅಂಚು ಅದಕ್ಕೆ ಗೊತ್ತಾಗುವುದಿಲ್ಲ. ದೀಪದ ಕೆಳಗೆ ತೆಗೆದರೆ ನಮ್ಮ ಕೈಯದೇ ನೆರಳು ಬೀಳುತ್ತದೆ. ಮಡಿಕೆ ಇರುವ ಜಾಗವನ್ನು ಇನ್ನೊಮ್ಮೆ ಹತ್ತಿರದಿಂದ ಬೇರೆಯಾಗಿ ತೆಗೆದಿಡಿ, ಮುಂದೆ ಬೇಕಾಗುವುದು ಅದೇ.

ಆಗ ನಮ್ಮ ಊರಿಗೆ ಫೈಬರ್ ಬಂದಿರಲಿಲ್ಲ. ಮನೆಯಲ್ಲಿ ಸ್ಕ್ಯಾನ್ ಮಾಡಿ, ಸಂಜೆ ಗುಡ್ಡದ ತುದಿಯ ಗೇರುಮರದ ಹತ್ತಿರ ಹೋಗಿ ಸಿಗ್ನಲ್ ಹಿಡಿದು ಅಪ್‌ಲೋಡ್ ಮಾಡುತ್ತಿದ್ದೆ. ಹನ್ನೆರಡು ಪುಟದ ಪಾಲು ಪತ್ರ ಹೋಗಲು ಮುಕ್ಕಾಲು ಗಂಟೆ. ಅದು ಹೋಯಿತು ಎಂದು ಮನೆಗೆ ಬಂದು ಹೇಳಿದಾಗ ಮಾವ ಕೇಳಿದ್ದು ಒಂದೇ ಮಾತು: “ಹಂಗಾರೆ ಕಾಗದ ಈಗ ಎಲ್ಲಿದ್ದು?”

ನಾನು ಸುಮ್ನೆ “ಕ್ಲೌಡ್‌ನಲ್ಲಿ” ಎಂದುಬಿಟ್ಟೆ. ಅದು ಉತ್ತರವೇ ಅಲ್ಲ ಅಂತ ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು.

2020ರ ಲಾಕ್‌ಡೌನ್‌ನಲ್ಲಿ ಭಾವನ ಮಗ ಊರಿಗೆ ಬಂದಿದ್ದ, ಆಗ ಅವನು ಎಂಜಿನಿಯರಿಂಗ್ ಓದುತ್ತಿದ್ದ. ಮಧ್ಯಾಹ್ನ ಅತ್ತೆ ಅಡಿಕೆ ಸುಲಿಯುತ್ತ ಹಾಡುವ ಹಳೇ ಹಾಡುಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿದ. ಬೀಸುವ ಹಾಡು, ಆರತಿ ಹಾಡು, ದೊಡ್ಡಹಬ್ಬದ ಹಾಡು, ಎಲ್ಲ ಸೇರಿ 43. ಹಾಡಿನ ಹಿಂದೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದೂ ಕೇಳುತ್ತದೆ. ಕಾಲೇಜು ಕೊಟ್ಟ ಖಾತೆಯಲ್ಲಿ ಜಾಗ ಜಾಸ್ತಿ ಇತ್ತು ಎಂದು ಅದರಲ್ಲೇ ಫೋಲ್ಡರ್ ಮಾಡಿ ನಮಗೆಲ್ಲ ಹಂಚಿದ. ನನ್ನ ಡ್ರೈವ್‌ನಲ್ಲೂ “ಅತ್ತೆ ಹಾಡು” ಎಂಬ ಫೋಲ್ಡರ್ ಕಾಣುತ್ತಿತ್ತು. ಕಾಣುತ್ತಿದೆ ಎಂದರೆ ನನ್ನ ಹತ್ತಿರ ಇದೆ ಎಂದೇ ತಿಳಿದಿದ್ದೆ. ಯಾರಾದರೂ ಹಾಗೇ ತಿಳಿಯುತ್ತಾರೆ, ಅಲ್ವಾ?

2023ರಲ್ಲಿ ಅವನ ಓದು ಮುಗಿಯಿತು. ಕೆಲವು ತಿಂಗಳಿಗೆ ಕಾಲೇಜಿನವರು ಹಳೇ ವಿದ್ಯಾರ್ಥಿಗಳ ಖಾತೆ ಮುಚ್ಚಿದರು. ನವರಾತ್ರಿಯಲ್ಲಿ ಒಂದು ದಿನ ಹಾಡು ಕೇಳೋಣ ಎಂದು ಒತ್ತಿದರೆ ಫೋಲ್ಡರ್ ತೆರೆಯಲೇ ಇಲ್ಲ. ನನ್ನಲ್ಲಿದ್ದದ್ದು ಬರೀ ಶಾರ್ಟ್‌ಕಟ್, ಫೈಲ್ ಇದ್ದದ್ದು ಅವನ ಖಾತೆಯಲ್ಲಿ. ಖಾತೆ ಹೋದ ಮೇಲೆ ಹಂಚಿಕೊಂಡ ಎಲ್ಲರಿಗೂ ಹೋಯಿತು. ಪಕ್ಕದಲ್ಲೇ ಕೂತಿದ್ದ ಅತ್ತೆ “ಹಾಡಿದ್ದೆಲ್ಲ ಹೋತನೇ?” ಎಂದು ಮೆಲ್ಲಗೆ ಕೇಳಿದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಹಾಗಾಗಿ ಇದನ್ನು ಓದುವವರಿಗೆ ಕೈಮುಗಿದು ಹೇಳುತ್ತೇನೆ. ಡ್ರೈವ್‌ನಲ್ಲಿ ಪ್ರತಿ ಫೈಲ್‌ಗೂ ಒಬ್ಬ ಓನರ್ ಇರುತ್ತಾನೆ. ಫೈಲ್‌ನ ವಿವರ ತೆರೆದರೆ ಯಾರು ಎಂದು ಕಾಣುತ್ತದೆ. ಜಾಗ ಲೆಕ್ಕವಾಗುವುದೂ ಅವನ ಖಾತೆಯಲ್ಲಿ, ಅಳಿದರೆ ಹೋಗುವುದೂ ಅಲ್ಲಿಂದಲೇ. ನಿಮಗೆ ಬೇಕಾದ್ದು ಬೇರೆಯವರ ಖಾತೆಯಲ್ಲಿದ್ದರೆ ಇವತ್ತೇ ಕಾಪಿ ಮಾಡಿಕೊಳ್ಳಿ. ಫೋಲ್ಡರ್ ಅನ್ನು ಇಡಿಯಾಗಿ ಕಾಪಿ ಮಾಡುವ ಬಟನ್ ಹುಡುಕುತ್ತ ಕೂರಬೇಡಿ, ಒಳಗೆ ಹೋಗಿ ಫೈಲ್‌ಗಳನ್ನೆಲ್ಲ ಆರಿಸಿ ಕಾಪಿ ಮಾಡಿ. ಕಾಲೇಜು ಮುಗಿಸುವ ಮಕ್ಕಳು ಮನೆಯಲ್ಲಿದ್ದರೆ, ಖಾತೆ ಮುಚ್ಚುವ ಮೊದಲು ಗೂಗಲ್ ಟೇಕ್‌ಔಟ್ ಎಂಬಲ್ಲಿ ಹೋಗಿ ಎಲ್ಲವನ್ನೂ ಸ್ವಂತ ಖಾತೆಗೆ ತಂದುಕೊಳ್ಳಲು ಹೇಳಿ. ಶುರು ಮಾಡುವುದು ಹತ್ತು ನಿಮಿಷದ ಕೆಲಸ, ಎಲ್ಲ ಬಂದು ಮುಟ್ಟಲು ಕೆಲವು ದಿನ ಹಿಡಿಯಬಹುದು. ನಮಗೆ ಯಾರಿಗೂ ಗೊತ್ತಿರಲಿಲ್ಲ.

43ರಲ್ಲಿ 31 ಹಾಡು ಮರಳಿ ಸಿಕ್ಕಿತು. ಮಾಣಿ, ಅಂದರೆ ಭಾವನ ಮಗ, ಆಗಾಗ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದ, ಕುಮಟೆಯ ಚಿಕ್ಕಮ್ಮ ಒಂದನ್ನೂ ಅಳಿಸಿರಲಿಲ್ಲ.

ಹಂಚುವ ವಿಷಯದಲ್ಲಿ ಇನ್ನೊಂದು ಅನುಭವ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಆ ವಾರವೇ ಕಾರವಾರದಲ್ಲಿ ನಮ್ಮ ವಕೀಲರಿಗೆ ಜಮೀನಿನ ಕಾಗದ ತೋರಿಸಬೇಕಿತ್ತು. ಯಲ್ಲಾಪುರದ ಮೇಲೆ ಸುತ್ತಿ ಹೋಗಬಹುದಿತ್ತು, ಆದರೆ ಆ ಮಳೆಯಲ್ಲಿ ಮಾವನನ್ನು ಘಟ್ಟ ಇಳಿಸಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಕಾರವಾರದಲ್ಲೇ ಇರುವ ನಾದಿನಿಗೆ ಲಿಂಕ್ ಕಳಿಸಿದೆ. ಅವಳು ಝೆರಾಕ್ಸ್ ಅಂಗಡಿಯಿಂದ ಫೋನ್ ಮಾಡಿ “ಅತ್ತಿಗೆ, ತೆರೀತಾ ಇಲ್ಲ, ಪರ್ಮಿಷನ್ ಕೇಳ್ತಾ ಇದೆ” ಎಂದಳು. ಲಿಂಕ್ ಕಳಿಸಿದರೆ ಸಾಲದು, ಯಾರು ನೋಡಬಹುದು ಎಂಬುದನ್ನು ಬೇರೆಯಾಗಿ ಹೇಳಬೇಕು. ಮೊದಲಿಂದ ಅದು ರಿಸ್ಟ್ರಿಕ್ಟೆಡ್, ಅಂದರೆ ನಾವು ಸೇರಿಸಿದವರಿಗೆ ಮಾತ್ರ, ಎಂದೇ ಇರುತ್ತದೆ, ಅದು ಒಳ್ಳೆಯದೇ. ಅವಳ ಜಿಮೇಲ್ ಸೇರಿಸಿ, ವ್ಯೂವರ್ (ನೋಡಬಹುದು ಅಷ್ಟೇ, ಬದಲಾಯಿಸುವಂತಿಲ್ಲ) ಎಂದು ಆರಿಸಿ ಮತ್ತೆ ಕಳಿಸಿದೆ. ತೆರೆಯಿತು. ಪ್ರಿಂಟ್ ತೆಗೆದು ವಕೀಲರ ಕೈಗೆ ಕೊಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಮಾವ ಅವತ್ತು ನನ್ನ ಫೋನ್ ಕೈಯಲ್ಲಿ ಹಿಡಿದು ಆ ಪಾಲು ಪತ್ರವನ್ನು ಬಹಳ ಹೊತ್ತು ನೋಡಿದರು.

ಲಿಂಕ್ ಇದ್ದ ಯಾರು ಬೇಕಾದರೂ ನೋಡಬಹುದು ಎಂದು ಮಾಡುವುದು ಸುಲಭ, ನಿಜ. ಮದುವೆ ಫೋಟೋಗೆ ಹಾಗೆ ಮಾಡಿ. ಆಧಾರ್, ಪಾಸ್‌ಬುಕ್, ಜಮೀನಿನ ಕಾಗದಕ್ಕೆ ದಯವಿಟ್ಟು ಬೇಡ. ಆ ಲಿಂಕ್ ಒಬ್ಬರಿಂದ ಒಬ್ಬರಿಗೆ ಹೋಗುತ್ತ ಎಲ್ಲಿ ಮುಟ್ಟುತ್ತದೋ ಹೇಳಲಾಗದು. ಎಡಿಟರ್ ಎಂದು ಕೊಡುವಾಗ ಇನ್ನೂ ಯೋಚಿಸಿ, ಅವರು ಫೈಲ್ ಬದಲಾಯಿಸಬಹುದು, ಬೇರೆಯವರಿಗೂ ಹಂಚಬಹುದು. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆಯಲೇಬೇಡಿ. ಯಾರದ್ದೋ ಮೇಲ್ ಹಾಗೇ ತೆರೆದಿದ್ದನ್ನು ನಾನೇ ಎರಡು ಸಲ ನೋಡಿ ಲಾಗ್‌ಔಟ್ ಮಾಡಿಸಿದ್ದೇನೆ. ಡ್ರೈವ್‌ನಲ್ಲಿ ಇಟ್ಟದ್ದಕ್ಕೆ ಬೀಗ ಇದೆ, ಆದರೆ ಕೀಲಿ ಕಂಪನಿಯ ಹತ್ತಿರವೂ ಇರುತ್ತದೆ. ಬ್ಯಾಂಕಿನ ಪಿನ್, ಪಾಸ್‌ವರ್ಡ್ ಬರೆದ ಫೈಲ್ ಅಲ್ಲಿ ಇಡುವಂಥದ್ದಲ್ಲ.

ಈಗ ಖರ್ಚು. 15 ಜಿಬಿ ಅಂದರೆ ಡ್ರೈವ್‌ಗೆ ಮಾತ್ರ ಅಲ್ಲ, ಜಿಮೇಲ್, ಫೋಟೋಸ್ ಎಲ್ಲ ಸೇರಿ. 2021ರ ಜೂನ್ 1ರಿಂದ ಫೋಟೋಗಳೂ ಲೆಕ್ಕಕ್ಕೆ ಬಂದವು, ಈಗ ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ. ತುಂಬಿದರೆ ಮೇಲ್ ಬರುವುದೇ ನಿಲ್ಲುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಾನು 2022ರಲ್ಲಿ 100 ಜಿಬಿ ತೆಗೆದುಕೊಂಡೆ. ಆಗ ತಿಂಗಳಿಗೆ 130 ರೂಪಾಯಿ, ವರ್ಷದ್ದು ಒಟ್ಟಿಗೆ ಕಟ್ಟಿದರೆ 1300. ಕಟ್ಟುವವರನ್ನು ಬಿಟ್ಟು ಇನ್ನೂ ಐದು ಜನ ಮನೆಯವರನ್ನು ಸೇರಿಸಬಹುದು. ಜಾಗ ಮಾತ್ರ ಹಂಚಿಕೆ, ಒಬ್ಬರ ಫೈಲ್ ಇನ್ನೊಬ್ಬರಿಗೆ ಕಾಣುವುದಿಲ್ಲ. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸ ಇಲ್ಲ. ಆದರೆ ಮೊದಲ ದಿನವೇ ದುಡ್ಡು ಕಟ್ಟಬೇಡಿ. ಸ್ಟೋರೇಜ್ ಎಂಬಲ್ಲಿ ಹೋದರೆ ದೊಡ್ಡ ಫೈಲ್‌ಗಳೇ ಮೇಲೆ ಬರುತ್ತವೆ, ಬೇಡದ ಯಕ್ಷಗಾನದ ಮೊಬೈಲ್ ವಿಡಿಯೋ ನಾಲ್ಕು ತೆಗೆದರೂ ಒಂದು ವರ್ಷ ದೂಡಬಹುದು. ಡ್ರೈವ್‌ನಲ್ಲಿ ತಪ್ಪಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು 60 ದಿನ. ನನ್ನ ಗಂಡ ಒಮ್ಮೆ ಫೋನ್ ತುಂಬಿತು ಎಂದು ಫೋಟೋಸ್ ಆ್ಯಪ್‌ನಲ್ಲೇ ಎಲ್ಲ ಅಳಿಸಿದ್ದರು, ಬ್ಯಾಕಪ್‌ನಲ್ಲಿ ಇದೆಯಲ್ಲ ಎಂದು. ಅಲ್ಲಿ ಅಳಿಸಿದರೆ ಎರಡೂ ಕಡೆ ಹೋಗುತ್ತದೆ. ವಾರದೊಳಗೆ ಗೊತ್ತಾದ್ದರಿಂದ ಉಳಿಯಿತು.

ಮಳೆಗಾಲದ್ದು ಬೇರೆಯೇ ಕಥೆ. ಈಗ ಮನೆಗೆ ಫೈಬರ್ ಇದೆ, ಆದರೆ ಕರೆಂಟ್ ಎರಡು ದಿನ ಹೋದರೆ ಟವರ್ ಸತ್ತಿರುತ್ತದೆ. ಇನ್ವರ್ಟರ್ ಮೇಲೆ ವೈಫೈ ನಡೆಯುತ್ತಿದ್ದರೂ ಓಟಿಪಿ ಬರುವುದಿಲ್ಲ, ಹೊಸ ಫೋನಿನಲ್ಲಿ ಖಾತೆ ತೆರೆಯಲು ಆಗುವುದಿಲ್ಲ. ಇದಕ್ಕೇ ಎರಡು ಹಂತದ ಪರಿಶೀಲನೆಯ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದು) ಜೊತೆ, ಓಟಿಪಿ ಬದಲು ಹಾಕಲು, ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಎಂಟೆಂಟು ಅಂಕಿಯವು, ಒಂದು ಕೋಡ್ ಒಂದೇ ಸಲ ನಡೆಯುವುದು. ಅದನ್ನು ಬರೆದು ಕಪಾಟಿನಲ್ಲಿ, ಬಂಗಾರ ಇಡುವ ಡಬ್ಬಿಯ ಜೊತೆ ಇಟ್ಟಿದ್ದೇನೆ. ಕಳೆದ ಆಷಾಢದಲ್ಲಿ ಅದೇ ನಮ್ಮನ್ನು ಕಾಪಾಡಿತು. ಬೇಕೇಬೇಕಾದ ಐದಾರು ಫೈಲ್‌ಗಳಿಗೆ ಆಫ್‌ಲೈನ್ ಎಂದು ಗುರುತು ಹಾಕಿಡಿ, ನೆಟ್ ಇಲ್ಲದಾಗಲೂ ತೆರೆಯುತ್ತದೆ.

ಇನ್ನೊಂದು, ಖಾತೆಯನ್ನು ಎರಡು ವರ್ಷ ಯಾರೂ ಮುಟ್ಟದಿದ್ದರೆ ಗೂಗಲ್ ಅದನ್ನು ಅಳಿಸಬಹುದು. ವಯಸ್ಸಾದವರ ಫೋನಿನಲ್ಲಿ ಮಕ್ಕಳು ಮಾಡಿಕೊಟ್ಟ ಖಾತೆಗಳು ಹೀಗೇ ಹೋಗುವುದು. ನಾನಿಲ್ಲದಾಗ ಯಾರಿಗೆ ಸಿಗಬೇಕು ಎಂದು ಮೊದಲೇ ಬರೆದಿಡುವ ವ್ಯವಸ್ಥೆಯೂ ಇದೆ. ಅದರಲ್ಲಿ ನನ್ನ ಮಗಳ ಹೆಸರು ಹಾಕಿದ್ದೇನೆ.

ಮೂಲ ಕಾಗದವನ್ನು ಮಾತ್ರ ಯಾರೂ ಬಿಸಾಡಬೇಡಿ, ಸ್ಕ್ಯಾನ್ ಮೂಲ ಪತ್ರಕ್ಕೆ ಸಾಟಿ ಅಲ್ಲ. ನಮ್ಮ ಪೆಟ್ಟಿಗೆ ಈಗ ಅಟ್ಟದಿಂದ ಇಳಿದು ಮಾವನ ಮಂಚದ ಹತ್ತಿರ ಇದೆ. ಅದರ ಸ್ಕ್ಯಾನ್ ನನ್ನ ಖಾತೆಯಲ್ಲಿ ಒಂದು, ನಾದಿನಿಯ ಖಾತೆಯಲ್ಲಿ ಕಾಪಿ ಒಂದು, ಕುಮಟೆಯ ಚಿಕ್ಕಮ್ಮನ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಇನ್ನೊಂದು. ಮಾವ ಈಗ “ಎಲ್ಲಿದ್ದು?” ಎಂದು ಕೇಳಿದರೆ ಮೂರು ಮನೆಯ ಹೆಸರು ಹೇಳುತ್ತೇನೆ.

ಅತ್ತೆಗೆ 81. ಕಳೆದುಹೋದ 12 ಹಾಡುಗಳಲ್ಲಿ ಹತ್ತನ್ನು ಮತ್ತೆ ಹಾಡಿಕೊಟ್ಟಿದ್ದಾರೆ, ಈ ಸಲ ನಾನೇ ರೆಕಾರ್ಡ್ ಮಾಡಿದ್ದು. ಇನ್ನೆರಡರ ಮೊದಲ ಸಾಲು ಬರುತ್ತದೆ, ಮುಂದಿನದು ಬರುತ್ತಿಲ್ಲ. ಸಂಜೆ ದೀಪ ಹಚ್ಚುವಾಗ ಒಮ್ಮೊಮ್ಮೆ ಗುನುಗುತ್ತಾರೆ, ನಾನು ಫೋನ್ ಹಿಡಿದು ಹತ್ತಿರ ಹೋಗಿ ಕೂರುತ್ತೇನೆ.